ಅಡಿಕೆಗೆ ಹೋದ ಮಾನ

ಸಂಜೆ ದೀಪ ಹಚ್ಚುವ ಹೊತ್ತು. ನಡುಮನೆಯ ಮೇಜಿನ ಮೇಲೆ ನಾಲ್ಕು ಪುಟಗಳ ನಮೂನೆಯೊಂದು ಹರಡಿಕೊಂಡಿದೆ. ಮಗನಿಗೆ ಸರ್ಕಾರಿ ಇಲಾಖೆಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನ ಕೆಲಸ ಸಿಕ್ಕುವಂತಿದೆ. ಪರೀಕ್ಷೆ ಮುಗಿಯಿತು, ಆಯ್ಕೆಪಟ್ಟಿಯಲ್ಲಿ ಹೆಸರೂ ಬಂದಿತು; ಇನ್ನುಳಿದದ್ದು ಪೋಲೀಸರ ಪರಿಶೀಲನೆಗಾಗಿ ಈ ನಮೂನೆಯನ್ನು ತುಂಬಿಕೊಡುವುದೊಂದೇ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಈಚಿನ ವರ್ಷಗಳಲ್ಲಿ ವಾಸವಾಗಿದ್ದ ವಿಳಾಸ ಇವೆಲ್ಲವನ್ನೂ ಲೇಖನಿ ತಡೆಯಿಲ್ಲದೆ ಬರೆಯಿತು. ಮೂರನೆಯ ಪುಟಕ್ಕೆ ಬಂದಾಗ ಅದು ನಿಂತಿತು.

ತಮ್ಮನ್ನು ಎಂದಾದರೂ ಬಂಧಿಸಲಾಗಿದೆಯೆ? ತಮ್ಮ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆದಿದೆಯೆ? ಯಾವುದಾದರೂ ನ್ಯಾಯಾಲಯವು ತಮ್ಮನ್ನು ಅಪರಾಧಿಯೆಂದು ತೀರ್ಮಾನಿಸಿದೆಯೆ?

ಆ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಒಂಬತ್ತು ವರ್ಷಗಳ ಹಿಂದೆ, ಹುಡುಗನಿಗೆ ಹತ್ತೊಂಬತ್ತು ತುಂಬಿದ್ದಾಗ, ಬಸ್ ನಿಲ್ದಾಣದಲ್ಲಿ ಒಂದು ಜಗಳವಾಯಿತು. ಮಾತಿಗೆ ಮಾತು ಬೆಳೆದು ಕೈ ಮುಂದಾಯಿತು. ಎದುರಿನವನ ಮೂಗಿನಲ್ಲಿ ರಕ್ತ ಬಂದಿತು. ದೂರು, ಠಾಣೆ, ಜಾಮೀನು, ಆಮೇಲೆ ಆರು ತಿಂಗಳ ಕಾಲ ಕೋರ್ಟಿನ ಅಲೆದಾಟ. ಕೊನೆಗೊಂದು ದಿನ ಸೋದರಮಾವನ ಪರಿಚಯದ ವಕೀಲರು, “ತಪ್ಪಾಯಿತೆಂದು ಒಪ್ಪಿಕೊಂಡು ದಂಡ ಕಟ್ಟಿಬಿಡಲಿ, ಇವತ್ತಿಗೇ ಮುಗಿದುಹೋಗುತ್ತದೆ” ಎಂದರು. ಎಂಟು ನೂರು ರೂಪಾಯಿ ದಂಡ ಕಟ್ಟಿ, ರಸೀದಿ ಪಡೆದು, ಮನೆಗೆ ಬಂದು ಸ್ನಾನ ಮಾಡಿ ಎಲ್ಲರೂ ಒಟ್ಟಿಗೆ ಕುಳಿತು ಊಟ ಮಾಡಿದರು. ಆ ಮಾತನ್ನು ಅಂದಿನಿಂದ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

“ಇಲ್ಲ ಅಂತ ಬರೆಯೋ,” ಎಂದರು ಸೋದರಮಾವ. “ಒಂಬತ್ತು ವರ್ಷದ ಹಿಂದಿನ ಮಾತು, ಎಂಟು ನೂರು ರೂಪಾಯಿ ದಂಡ. ಅದನ್ನೆಲ್ಲ ಯಾರು ಕಟ್ಟಿಟ್ಟುಕೊಂಡಿರುತ್ತಾರೆ?”

ತಂದೆ ಉತ್ತರ ಕೊಡಲಿಲ್ಲ. ಒಳಬಾಗಿಲ ಬಳಿ ಕುಳಿತಿದ್ದ ಅಜ್ಜಿ ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು: “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.”

ಈ ಮನೆಗೆ ಹೆಸರು ಬೇಕಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಎಷ್ಟೋ ಬೀದಿಗಳಲ್ಲಿ ಇಂಥದೊಂದು ಮನೆಯನ್ನು ಓದುಗರು ಊಹಿಸಿಕೊಳ್ಳಬಹುದು. ಸೋದರಮಾವ ಕೇಳಿದ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಮುಗಿದುಹೋದ ಶಿಕ್ಷೆಯ ದಾಖಲೆಯನ್ನು ಯಾರು, ಎಷ್ಟು ಕಾಲ ಕಟ್ಟಿಟ್ಟುಕೊಂಡಿರುತ್ತಾರೆ? ಅದನ್ನು ಮುಚ್ಚಿಸುವ ದಾರಿ ಇದೆಯೆ?

* * *

ಕಾಲವನ್ನು ಅಳೆಯುವುದರಲ್ಲಿ ಕಾನೂನು ಬಹಳ ಜಾಣತನವುಳ್ಳದ್ದು. ಕೈಸಾಲ ಕೊಟ್ಟವನು ಮೂರು ವರ್ಷ ಸುಮ್ಮನೆ ಕುಳಿತರೆ ದಾವೆ ಹೂಡುವ ವಾಯಿದೆ ಮೀರಿತೆಂದು 1963ರ ಕಾಲಮಿತಿ ಕಾಯಿದೆ ಹೇಳುತ್ತದೆ. ಕ್ರಿಮಿನಲ್ ಮೊಕದ್ದಮೆಗಳಿಗೂ ಇಂಥ ವಾಯಿದೆಗಳುಂಟು. ಒಂದು ವರ್ಷದವರೆಗೆ ಮಾತ್ರ ಸೆರೆವಾಸ ವಿಧಿಸಬಹುದಾದ ಅಪರಾಧವಾದರೆ, ಅದು ನಡೆದ ಒಂದು ವರ್ಷದೊಳಗೆ ನ್ಯಾಯಾಲಯವು ಅದನ್ನು ವಿಚಾರಣೆಗೆ ಎತ್ತಿಕೊಳ್ಳಬೇಕು. ಆ ಗಡುವು ಮೀರಿದರೆ ಸಾಮಾನ್ಯವಾಗಿ ಎತ್ತಿಕೊಳ್ಳುವಂತಿಲ್ಲ. ಬರಿಗೈಯಿಂದ ಹೊಡೆದು ನೋವುಂಟುಮಾಡುವುದು ಇದೇ ವರ್ಗಕ್ಕೆ ಸೇರಿದ್ದು. ಹಳೆಯ ದಂಡಸಂಹಿತೆಯಲ್ಲಿ ಅದು 323ನೆಯ ಪ್ರಕರಣವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 115ನೆಯದಾಗಿದೆ. ಎಂದರೆ, ಆ ಬಸ್ ನಿಲ್ದಾಣದ ಗುದ್ದಿನ ಮೇಲೆ ಮೊಕದ್ದಮೆ ತೊಡಗಲು ಕಾನೂನು ಕೊಟ್ಟಿದ್ದ ಕಾಲ ಒಂದೇ ವರ್ಷ. ಆದರೆ ಅದರ ಶಿಕ್ಷೆಯನ್ನು ಹೇಳಿಕೊಳ್ಳಬೇಕಾದ ಕಾಲಕ್ಕೆ ಮಿತಿಯನ್ನೇ ಇಟ್ಟಿಲ್ಲ.

ಇಷ್ಟು ವರ್ಷ ಸನ್ನಡತೆಯಿಂದ ಬಾಳಿದ ವಯಸ್ಕನ ಹಳೆಯ ಶಿಕ್ಷೆಯನ್ನು ಇನ್ನು ಮುಂದೆ ಯಾರೂ ಕೆದಕತಕ್ಕದ್ದಲ್ಲ ಎಂದು ವಿಧಿಸುವ ಸಾಮಾನ್ಯ ಕಾನೂನು ಭಾರತದಲ್ಲಿಲ್ಲ. ದಾಖಲೆಗಳಾದರೋ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿವೆ. ಬೆರಳಚ್ಚುಗಳ ಮೂಲಕ ಅಪರಾಧಿಗಳನ್ನು ಗುರುತಿಸುವ ಕಚೇರಿ ಕಲ್ಕತ್ತೆಯಲ್ಲಿ ಆರಂಭವಾದದ್ದು 1897ರಲ್ಲಿ. ಆಗ ಅದು ಕಪಾಟುಗಳಲ್ಲಿ ಜೋಡಿಸಿಟ್ಟ ಕಾಗದಗಳ ಸಂಗ್ರಹ. ಈಗ 2022ರ ಕ್ರಿಮಿನಲ್ ಪ್ರಕ್ರಿಯಾ ಗುರುತಿಸುವಿಕೆ ಕಾಯಿದೆಯಂತೆ, ಶಿಕ್ಷೆಗೊಳಗಾದವರಿಂದಲೂ ಬಂಧಿತರಿಂದಲೂ ಪಡೆದ ಬೆರಳಚ್ಚು, ಅಂಗೈಗುರುತು, ಭಾವಚಿತ್ರ, ಕಣ್ಣಿನ ಗುರುತು ಮುಂತಾದವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಕೇಂದ್ರವು 75 ವರ್ಷಗಳ ಕಾಲ ಕಾಪಾಡಬಹುದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒತ್ತಿದ ಬೆರಳಿನ ಗುರುತು ತೊಂಬತ್ತನಾಲ್ಕನೆಯ ವಯಸ್ಸಿನವರೆಗೂ ಉಳಿಯಬಹುದು. ಹಿಂದೆ ಶಿಕ್ಷೆಯಾಗಿರದೆ ಈ ಮೊಕದ್ದಮೆಯಿಂದಲೂ ಬಿಡುಗಡೆ ಹೊಂದಿದವರ ಗುರುತುಗಳನ್ನು, ಮೇಲ್ಮನವಿಗಳೆಲ್ಲ ಮುಗಿದ ಮೇಲೆ, ಕೋರ್ಟು ಬೇರೆ ರೀತಿ ಆದೇಶಿಸದಿದ್ದರೆ ನಾಶಮಾಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಅಪರಾಧಿಯೆಂದು ತೀರ್ಮಾನವಾದವರಿಗೆ ಈ ವಿನಾಯಿತಿ ಇಲ್ಲ.

ಇದಲ್ಲದೆ ಠಾಣೆಠಾಣೆಗಳ ದಾಖಲೆಗಳನ್ನು ಒಂದೇ ಜಾಲಕ್ಕೆ ಸೇರಿಸುವ ಯೋಜನೆಗೆ ಕೇಂದ್ರ ಸರ್ಕಾರ 2009ರಲ್ಲಿ ಒಪ್ಪಿಗೆ ಕೊಟ್ಟಿತು. ನ್ಯಾಯಾಲಯಗಳ ಮೊಕದ್ದಮೆಗಳನ್ನು ಕಕ್ಷಿಗಾರನ ಹೆಸರಿನಿಂದಲೇ ಮನೆಯಲ್ಲಿ ಕುಳಿತು ಹುಡುಕಬಹುದಾಗಿದೆ. ಸೋದರಮಾವ ನೆಚ್ಚಿಕೊಂಡಿದ್ದ ಧೂಳು ಹಿಡಿದ ಕಡತದ ಕಾಲ ಕಳೆದುಹೋಗಿದೆ.

* * *

ಹಳೆಯ ಶಿಕ್ಷೆಯು ಎಲ್ಲ ಬಾಗಿಲುಗಳನ್ನೂ ಶಾಶ್ವತವಾಗಿ ಮುಚ್ಚುವುದೆಂದು ಮಾತ್ರ ಯಾರೂ ತಿಳಿಯಬಾರದು. ಬೇರೆ ಬೇರೆ ಕಾಯಿದೆಗಳು ಬೇರೆ ಬೇರೆ ಗಡಿಯಾರಗಳನ್ನು ಇಟ್ಟುಕೊಂಡಿವೆ.

1967ರ ಪಾಸ್‌ಪೋರ್ಟ್ ಕಾಯಿದೆಯನ್ನು ನೋಡಬಹುದು. ನೈತಿಕ ಅಧಃಪತನದಿಂದ ಕೂಡಿದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವಾಗಿದ್ದರೆ, ಅರ್ಜಿಗೆ ಹಿಂದಿನ ಐದು ವರ್ಷಗಳಲ್ಲಿ ಆದ ಶಿಕ್ಷೆ ಮಾತ್ರ ಈ ಕಾರಣದಿಂದ ಪಾಸ್‌ಪೋರ್ಟನ್ನು ತಡೆಯುತ್ತದೆ. ಕಂಪೆನಿಯ ನಿರ್ದೇಶಕನಾಗಬೇಕೆನ್ನುವವನಿಗೆ ಆರು ತಿಂಗಳು ಅಥವಾ ಹೆಚ್ಚಿನ ಸೆರೆವಾಸವಾಗಿದ್ದರೆ, ಆ ಅವಧಿ ಮುಗಿದು ಐದು ವರ್ಷ ಕಳೆಯಬೇಕು; ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾಗಿದ್ದರೆ ಮಾತ್ರ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಶಾಸನಸಭೆಗೆ ನಿಲ್ಲಬೇಕೆನ್ನುವವನಿಗೆ ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸವಾಗಿದ್ದರೆ, 1951ರ ಪ್ರಜಾಪ್ರತಿನಿಧಿ ಕಾಯಿದೆಯಂತೆ ಬಿಡುಗಡೆಯಾದ ದಿನದಿಂದ ಇನ್ನೂ ಆರು ವರ್ಷ ಅನರ್ಹತೆ ಇರುತ್ತದೆ. ವಕೀಲನಾಗಿ ಹೆಸರು ನೋಂದಾಯಿಸಲು ನೈತಿಕ ಅಧಃಪತನದ ಅಪರಾಧವು ಅಡ್ಡಿ. ಆದರೆ ಬಿಡುಗಡೆಯಾಗಿ ಎರಡು ವರ್ಷ ಕಳೆದರೆ ಆ ಅಡ್ಡಿ ತೀರುವುದೆಂದು ವಕೀಲರ ಕಾಯಿದೆ ಹೇಳುತ್ತದೆ.

ವಕೀಲನಿಗೆ ಎರಡು ವರ್ಷ, ನಿರ್ದೇಶಕನಿಗೆ ಐದು ವರ್ಷ, ಶಾಸಕನಿಗೆ ಆರು ವರ್ಷ. ಗುಮಾಸ್ತೆಗೆ ಎಷ್ಟು? ಕಾನ್‌ಸ್ಟೇಬಲಿಗೆ ಎಷ್ಟು? ಪರಿಶೀಲನೆಯ ನಮೂನೆಯಲ್ಲಿ ಆ ಅಂಕಿಯೇ ಇಲ್ಲ. ‘ಎಂದಾದರೂ’ ಎಂಬ ಒಂದು ಪದವಿದೆ, ಅಷ್ಟೆ. ದೊಡ್ಡ ಪದವಿಗಳಿಗೆ ಗಡಿಯಾರವಿಟ್ಟ ಕಾನೂನು ಸಣ್ಣ ಸಂಬಳದ ಕೆಲಸಕ್ಕೆ ಗಡಿಯಾರವಿಡುವುದನ್ನು ಮರೆತಂತೆ ಕಾಣುತ್ತದೆ. ಅಲ್ಲಿ ತೀರ್ಮಾನ ನೇಮಕ ಮಾಡುವ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ಮಕ್ಕಳ ವಿಷಯದಲ್ಲಿ ಕಾನೂನು ಹೀಗೆ ಮರೆತಿಲ್ಲ. 2016ರ ಜನವರಿಯಿಂದ ಜಾರಿಯಲ್ಲಿರುವ 2015ರ ಬಾಲನ್ಯಾಯ ಕಾಯಿದೆಯು ಹೊಸ ಆರಂಭವೆಂಬ ತತ್ತ್ವವನ್ನು ತನ್ನ ಮೂಲಸೂತ್ರಗಳಲ್ಲಿಯೇ ಸೇರಿಸಿಕೊಂಡಿದೆ. ಹದಿನೆಂಟು ತುಂಬದವರು ಮಾಡಿದ ತಪ್ಪಿನಿಂದ ಅವರಿಗೆ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು. ಮೇಲ್ಮನವಿಯ ಕಾಲ ಕಳೆಯುವವರೆಗೆ ಅಥವಾ ಏಳು ವರ್ಷಗಳವರೆಗೆ ದಾಖಲೆಗಳನ್ನು ಭದ್ರವಾಗಿಟ್ಟು ಅನಂತರ ನಾಶಮಾಡಬೇಕೆಂದು 2016ರ ಮಾದರಿ ನಿಯಮಗಳು ಗೊತ್ತುಪಡಿಸಿವೆ. ಮುಗಿದ ಪ್ರಕರಣವನ್ನು ನಡತೆಯ ಪ್ರಮಾಣಪತ್ರಕ್ಕಾಗಿ ಕೂಡ ಪೋಲೀಸರು ಹೊರಗೆಡಹಬಾರದು. ಹದಿನಾರು ದಾಟಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯವು ಅವರನ್ನು ವಯಸ್ಕರಂತೆಯೇ ವಿಚಾರಿಸಿ ತಪ್ಪಿತಸ್ಥರೆಂದು ಕಂಡಾಗ ಮಾತ್ರ ಈ ರಕ್ಷಣೆ ಇಲ್ಲ. ಆ ಬಸ್ ನಿಲ್ದಾಣದ ಹುಡುಗನಿಗೆ ಅಂದು ಹದಿನೇಳಾಗಿದ್ದರೆ ಇಂದು ಈ ಮನೆಯಲ್ಲಿ ಲೇಖನಿ ನಿಲ್ಲುತ್ತಿರಲಿಲ್ಲ. ಗುದ್ದು ಅದೇ, ಕೋಪ ಅದೇ. ಎರಡು ವರ್ಷದ ಅಂತರದಲ್ಲಿ ಒಂದು ದಾಖಲೆ ನಾಶವಾಗುತ್ತದೆ, ಇನ್ನೊಂದು ಆಜೀವವಾಗುತ್ತದೆ.

* * *

ಮಧ್ಯಮ ವರ್ಗದ ಮನೆಗಳು ತಿಳಿದಿರಬೇಕಾದ ಮಾತು ಇನ್ನೊಂದುಂಟು. ಹುಡುಗನು ದಂಡ ಕಟ್ಟಿದ ದಿನ ಅವನ ಮುಂದೆ ಇದ್ದ ದಾರಿ ಒಂದೇ ಆಗಿರಲಿಲ್ಲ.

ದಂಡ ಕಟ್ಟುವುದೆಂದರೆ ವಿದ್ಯುತ್ತಿನ ಬಿಲ್ಲು ಕಟ್ಟಿದಂತೆ ಎಂದು ಅನೇಕರು ಭಾವಿಸಿದ್ದಾರೆ. ಅದು ಹಾಗಲ್ಲ. ತಪ್ಪೊಪ್ಪಿಗೆಯನ್ನು ಮ್ಯಾಜಿಸ್ಟ್ರೇಟರು ಸ್ವೀಕರಿಸಿ ದಂಡ ವಿಧಿಸಿದರೆಂದರೆ, ಅಪರಾಧಿಯೆಂದು ತೀರ್ಮಾನವಾಯಿತೆಂದೇ ಅರ್ಥ. ಒಂದು ದಿನ ಸೆರೆಮನೆಯನ್ನು ಕಾಣದಿದ್ದರೂ ನಮೂನೆಯ ಆ ಪ್ರಶ್ನೆಗೆ ‘ಹೌದು’ ಎಂಬುದೇ ಸತ್ಯವಾದ ಉತ್ತರ.

ಮೊದಲನೆಯ ದಾರಿ ರಾಜಿಯದು. ಇಂಥ ಸಣ್ಣ ಹೊಡೆತದ ಪ್ರಕರಣದಲ್ಲಿ ನೋವುಂಡವನು ಒಪ್ಪಿದರೆ ರಾಜಿ ಮಾಡಿಕೊಳ್ಳಲು ಕಾನೂನೇ ಅವಕಾಶ ಕೊಟ್ಟಿದೆ. ಹಾಗೆ ಆದ ರಾಜಿಗೆ ಖುಲಾಸೆಯ ಫಲವುಂಟು. ಎದುರಿನ ಹುಡುಗನ ಮನೆಗೆ ಹಿರಿಯರೊಬ್ಬರು ಹೋಗಿ, ತಪ್ಪನ್ನು ಒಪ್ಪಿ, ಔಷಧದ ಖರ್ಚನ್ನು ಕೊಟ್ಟು ಬಂದಿದ್ದರೆ ಬಹುಶಃ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಲ್ಲಿಗೆ ಹೋಗುವುದಕ್ಕೆ ಅಂದು ಮನೆಯವರ ಮರ್ಯಾದೆ ಅಡ್ಡ ಬಂದಿತ್ತು.

ಎರಡನೆಯದು 1958ರ ಅಪರಾಧಿಗಳ ಪ್ರೊಬೇಷನ್ ಕಾಯಿದೆಯ ದಾರಿ. ಹಿಂದೆ ಶಿಕ್ಷೆಯಾಗಿರದವನು ಕೆಲವು ಬಗೆಯ ಕಳವು, ವಂಚನೆಗಳಲ್ಲಿ ಅಥವಾ ಎರಡು ವರ್ಷಕ್ಕೆ ಮೀರದ ಸೆರೆವಾಸದ ಅಪರಾಧದಲ್ಲಿ ಸಿಕ್ಕಿಬಿದ್ದರೆ, ಅವನಿಗೆ ಯಾವ ಶಿಕ್ಷೆಯನ್ನೂ ವಿಧಿಸದೆ ಬುದ್ಧಿ ಹೇಳಿ ಕಳುಹಿಸುವ ಅಧಿಕಾರವನ್ನು ಅದರ 3ನೆಯ ಪ್ರಕರಣ ನ್ಯಾಯಾಲಯಕ್ಕೆ ಕೊಟ್ಟಿದೆ. 4ನೆಯ ಪ್ರಕರಣದಂತೆ, ಮರಣದಂಡನೆ ಅಥವಾ ಆಜೀವ ಸೆರೆವಾಸಕ್ಕೆ ಗುರಿಯಾಗದ ಅಪರಾಧಗಳಲ್ಲಿ, ಮೂರು ವರ್ಷಗಳವರೆಗಿನ ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಡಬಹುದು. ಹೀಗೆ ಬಿಡುಗಡೆಯಾದವನಿಗೆ, ಶಿಕ್ಷೆಗೆ ಅಂಟಿಕೊಂಡು ಬರುವ ಅನರ್ಹತೆ ಯಾವುದೂ ತಟ್ಟದೆಂದು 12ನೆಯ ಪ್ರಕರಣ ಹೇಳುತ್ತದೆ.

ಈ ಮಾತನ್ನು ಹಿಗ್ಗಿಸಿ ಹೇಳಬಾರದು. ಅನರ್ಹತೆ ತೊಲಗಿತೆಂದ ಮಾತ್ರಕ್ಕೆ ತಪ್ಪೇ ಅಳಿಸಿಹೋಗಲಿಲ್ಲವೆಂದೂ, ನೌಕರನ ನಡತೆಯನ್ನು ಇಲಾಖೆಯು ಪರಿಗಣಿಸಬಹುದೆಂದೂ ಸುಪ್ರೀಂ ಕೋರ್ಟು 1990ರಲ್ಲಿ ಸ್ಪಷ್ಟಪಡಿಸಿದೆ. ಆದರೂ ‘ದಂಡಿತನಾದವನು’ ಎಂಬುದಕ್ಕೂ ‘ಬುದ್ಧಿ ಹೇಳಿ ಬಿಡಲ್ಪಟ್ಟವನು’ ಎಂಬುದಕ್ಕೂ ಅಧಿಕಾರಿಯ ಮೇಜಿನ ಮೇಲೆ ಬಹಳ ಅಂತರವಿದೆ. ಆ ದಿನ ನ್ಯಾಯಾಲಯದಲ್ಲಿ ಯಾರಾದರೂ ಎದ್ದು ನಿಂತು ಅದನ್ನು ಕೇಳಬೇಕಾಗಿತ್ತು. ಯಾರೂ ಕೇಳಲಿಲ್ಲ, ಮೂರನೆಯ ದಾರಿ ಬೇಗ ಮುಗಿಯುವುದಾಗಿತ್ತು.

* * *

ಶಿಕ್ಷೆಯ ದಾಖಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ಬೇರೆ ದೇಶಗಳೂ ಎದುರಿಸಿವೆ. ಇಂಗ್ಲೆಂಡಿನಲ್ಲಿ, ಹಿಂದೆ ಲಾರ್ಡ್ ಛಾನ್ಸಲರ್ ಆಗಿದ್ದ ಲಾರ್ಡ್ ಗಾರ್ಡಿನರ್ ಅವರ ಅಧ್ಯಕ್ಷತೆಯ ಸಮಿತಿಯೊಂದು 1972ರಲ್ಲಿ ಈ ಕುರಿತು ವರದಿ ಕೊಟ್ಟಿತು. ಅದರ ಫಲವಾಗಿ 1974ರಲ್ಲಿ ಅಪರಾಧಿಗಳ ಪುನರ್ವಸತಿ ಕಾಯಿದೆ ಬಂದಿತು. ಗೊತ್ತುಪಡಿಸಿದ ಕಾಲ ಮತ್ತೆ ತಪ್ಪು ಮಾಡದೆ ಕಳೆದರೆ ಆ ಶಿಕ್ಷೆ ‘ತೀರಿದ್ದು’ ಎಂದು ಎಣಿಕೆಯಾಗುವುದು. ಆಮೇಲೆ ಸಾಮಾನ್ಯ ಉದ್ಯೋಗಕ್ಕಾಗಿ ಯಾರು ಕೇಳಿದರೂ ‘ಇಲ್ಲ’ ಎನ್ನುವ ಹಕ್ಕು ಅವನಿಗುಂಟು. ಆ ‘ಇಲ್ಲ’ ಸುಳ್ಳೆನಿಸದು. ಹಗೆತನದಿಂದ ಯಾರಾದರೂ ಅದನ್ನು ಪ್ರಕಟಿಸಿದರೆ, ಸತ್ಯವನ್ನೇ ಹೇಳಿದೆವೆಂಬ ಸಮರ್ಥನೆ ಕೂಡ ಅವರನ್ನು ಮಾನನಷ್ಟದ ದಾವೆಯಿಂದ ಕಾಪಾಡದು.

ಆರಂಭದಲ್ಲಿ ದಂಡದ ಶಿಕ್ಷೆ ತೀರಲು ಐದು ವರ್ಷ ಬೇಕಾಗಿತ್ತು. ಎರಡೂವರೆ ವರ್ಷಕ್ಕೆ ಮೀರಿದ ಸೆರೆವಾಸ ಎಂದಿಗೂ ತೀರುತ್ತಿರಲಿಲ್ಲ. ಅನುಭವದ ಮೇಲೆ ಆ ದೇಶವು ಅವಧಿಗಳನ್ನು ಕಡಮೆ ಮಾಡುತ್ತ ಬಂದಿದೆ. 2023ರ ಅಕ್ಟೋಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಯಸ್ಕನ ದಂಡ ಒಂದು ವರ್ಷಕ್ಕೆ ತೀರುತ್ತದೆ. ಒಂದು ವರ್ಷದವರೆಗಿನ ಸೆರೆವಾಸವು ಅವಧಿ ಮುಗಿದ ಒಂದು ವರ್ಷಕ್ಕೆ, ನಾಲ್ಕು ವರ್ಷದವರೆಗಿನದು ನಾಲ್ಕು ವರ್ಷಕ್ಕೆ, ಅದಕ್ಕೆ ಮೀರಿದ್ದರಲ್ಲಿ ಹಲವು ಏಳು ವರ್ಷಕ್ಕೆ ತೀರುತ್ತವೆ. ಘೋರವಾದ ಲೈಂಗಿಕ ಅಪರಾಧ, ಹಿಂಸೆ, ಭಯೋತ್ಪಾದನೆಗಳ ದೀರ್ಘ ಶಿಕ್ಷೆಗಳು ಮಾತ್ರ ತೀರುವುದಿಲ್ಲ.

ಹಾಗಾದರೆ ಶಾಲೆಗಳ ಗತಿಯೇನು, ಆಸ್ಪತ್ರೆಗಳ ಗತಿಯೇನು ಎಂದು ಕೇಳಬಹುದು. ಮಕ್ಕಳನ್ನು ಒಪ್ಪಿಸುವ ತಾಯಿತಂದೆಗಳಿಗೆ ತಿಳಿಯುವ ಹಕ್ಕಿಲ್ಲವೆ? ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಅಲ್ಲಿ 1975ರಿಂದಲೂ ಅಪವಾದಗಳ ಆಜ್ಞೆಯೊಂದಿದೆ. ಉಪಾಧ್ಯಾಯ, ವೈದ್ಯ, ವಕೀಲ ಮೊದಲಾದ ನಂಬಿಕೆಯ ಹುದ್ದೆಗಳಿಗೆ ತೀರಿದ ಶಿಕ್ಷೆಗಳ ವಿಷಯವನ್ನೂ ಕೇಳಬಹುದು. ಪೋಲೀಸರ ದಾಖಲೆಯಾದರೋ ಆ ವ್ಯಕ್ತಿಗೆ ನೂರು ವರ್ಷ ತುಂಬುವವರೆಗೂ ಉಳಿಯುತ್ತದೆ. ಈ ಏರ್ಪಾಡಿನ ಮರ್ಮ ಇಲ್ಲಿದೆ. ಸರ್ಕಾರವು ನೆನಪಿಟ್ಟುಕೊಳ್ಳುವುದು ಬೇರೆ. ಕಂಡಕಂಡವರೆಲ್ಲ ಆಜೀವವಾಗಿ ಕೇಳುತ್ತಿರುವುದು ಬೇರೆ. ಇಂಗ್ಲೆಂಡು ದಾಖಲೆಯನ್ನು ಸುಡಲಿಲ್ಲ. ಪ್ರಶ್ನೆಗೊಂದು ವಾಯಿದೆ ಇಟ್ಟಿತು.

ಅಮೆರಿಕದ ರಾಜ್ಯಗಳು ಇನ್ನೊಂದು ಪಾಠ ಕಲಿತಿವೆ. ಅಲ್ಲಿ ಅನೇಕ ಕಡೆ ದಾಖಲೆಗೆ ಮೊಹರು ಹಾಕಿಸಲು ಅರ್ಜಿ ಹಾಕಿಕೊಳ್ಳಬೇಕಾಗಿತ್ತು. ಶುಲ್ಕ, ವಕೀಲ, ಕೋರ್ಟಿನ ಅಲೆದಾಟ ಎಲ್ಲ ಇದ್ದವು. ಮಿಷಿಗನ್ ರಾಜ್ಯದ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಅರ್ಹತೆ ಪಡೆದ ಐದು ವರ್ಷಗಳೊಳಗೆ ದಾಖಲೆಯನ್ನು ತೆಗೆಸಿಕೊಂಡವರು ನೂರಕ್ಕೆ 6.5 ಮಂದಿ ಮಾತ್ರ. ಉಳಿದವರಿಗೆ ಹಕ್ಕು ಕಾಗದದ ಮೇಲೆಯೇ ಉಳಿಯಿತು. ಪೆನ್ಸಿಲ್ವೇನಿಯ ರಾಜ್ಯವು 2018ರಲ್ಲಿ ಹೊಸ ಕಾನೂನು ಮಾಡಿತು. ಅರ್ಜಿಯೇ ಬೇಡ, ಹತ್ತು ವರ್ಷ ಶಿಕ್ಷೆಯಿಲ್ಲದೆ ಕಳೆದವರ ಅನೇಕ ಕಿರು ಅಪರಾಧಗಳನ್ನು ಗಣಕಯಂತ್ರವೇ ಹುಡುಕಿ ಮುಚ್ಚುವುದು. ಆ ಹತ್ತನ್ನು 2023ರ ತಿದ್ದುಪಡಿ ಏಳಕ್ಕೆ ಇಳಿಸಿತು. 2024ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿಯೂ ಅಂಥ ಕಾನೂನು ಜಾರಿಗೆ ಬಂದಿತು. ಅಲ್ಲಿ ಕಿರು ಅಪರಾಧಕ್ಕೆ ಮೂರು ವರ್ಷ, ಅರ್ಹವಾದ ಗುರುತರ ಅಪರಾಧಗಳಿಗೆ ಎಂಟು ವರ್ಷ.

ಮಗನನ್ನೋ ಅಳಿಯನನ್ನೋ ಅಮೆರಿಕಕ್ಕೆ ಕಳುಹಿಸಿರುವ ಕನ್ನಡಿಗರ ಮನೆಗಳು ಒಂದು ಎಚ್ಚರಿಕೆಯನ್ನು ನೆನಪಿಡುವುದು ಒಳ್ಳೆಯದು. ಅಲ್ಲಿಯ ರಾಜ್ಯವು ಮೊಹರು ಹಾಕಿದ ಶಿಕ್ಷೆಯನ್ನು ಕೇಂದ್ರದ ವಲಸೆ ಇಲಾಖೆ ಸಾಮಾನ್ಯವಾಗಿ ಶಿಕ್ಷೆಯೆಂದೇ ಎಣಿಸುತ್ತದೆ. ವೀಸಾ ಅಥವಾ ಪೌರತ್ವದ ಅರ್ಜಿಯಲ್ಲಿ ಅದನ್ನು ಬಚ್ಚಿಡಲು ಹೋಗಿ ಕೆಟ್ಟುಕೊಳ್ಳಬಾರದು.

* * *

ಭಾರತದಲ್ಲಿ ಈ ಬಗೆಯ ಕಾನೂನು ಇಲ್ಲದಿದ್ದರೂ ನ್ಯಾಯಾಲಯಗಳು ಕಲ್ಲುಮನಸ್ಸಿನವಾಗಿಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟು, ಒಬ್ಬ ಮಹಿಳೆಯ ತಂದೆಯ ಕೋರಿಕೆಯ ಮೇಲೆ, ಅಂತರ್ಜಾಲದಲ್ಲಿ ಹುಡುಕಿದಾಗ ಆಕೆಯ ಹೆಸರು ಹಳೆಯ ಆದೇಶವೊಂದರಲ್ಲಿ ಕಾಣಿಸದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಇವೆರಡೂ ಶಿಕ್ಷೆಯ ದಾಖಲೆಯನ್ನು ಮುಚ್ಚುವ ತೀರ್ಪುಗಳಲ್ಲ. ಆದರೆ ಮನುಷ್ಯನ ನಿನ್ನೆಯನ್ನು ಎಷ್ಟು ಜನ ನೋಡಬೇಕೆಂಬ ಪ್ರಶ್ನೆಗೆ ಬಾಗಿಲು ತೆರೆದಿವೆ.

ನೌಕರಿಯ ನಮೂನೆಯ ವಿಷಯದಲ್ಲಂತೂ ಮಾರ್ಗದರ್ಶನ ಇನ್ನಷ್ಟು ಸ್ಪಷ್ಟವಾಗಿದೆ. 2011ರಲ್ಲಿ ದೆಹಲಿಯ ಪೋಲೀಸ್ ಇಲಾಖೆಗೆ ಅರ್ಜಿ ಹಾಕಿದ್ದ ತರುಣನೊಬ್ಬನ ಪ್ರಕರಣ ಸುಪ್ರೀಂ ಕೋರ್ಟಿನ ಮುಂದಿತ್ತು. ಹೊಡೆದಾಟದ ಮೊಕದ್ದಮೆ ರಾಜಿಯಾಗಿ ಖುಲಾಸೆಯಾಗಿದ್ದರೂ ಅದನ್ನು ಅವನು ಅರ್ಜಿಯಲ್ಲಿ ಬರೆದಿರಲಿಲ್ಲ. ಎಳೆಯ ವಯಸ್ಸಿನ ಅವಿವೇಕವನ್ನು ಜೀವಮಾನದ ಕಳಂಕವಾಗಿ ಮಾಡಬಾರದೆಂಬ ನಿಲುವನ್ನು ನ್ಯಾಯಾಲಯ ತಳೆಯಿತು. ಒಂದು ತುಂಡು ರೊಟ್ಟಿಗಾಗಿ ಕಳ್ಳನಾಗಿ ಆಜೀವವೂ ಕಳ್ಳನೆನಿಸಿಕೊಂಡ ಜೀನ್ ವಾಲ್ಜೀನನನ್ನು, ವಿಕ್ಟರ್ ಹ್ಯೂಗೋನ ಕಾದಂಬರಿಯ ಆ ನಾಯಕನನ್ನು, ತೀರ್ಪಿನಲ್ಲಿಯೇ ನೆನೆಯಿತು.

2016ರ ಜುಲೈನಲ್ಲಿ ಮೂವರು ನ್ಯಾಯಮೂರ್ತಿಗಳು ಈ ವಿಷಯದ ಸೂತ್ರಗಳನ್ನು ಒಂದೆಡೆ ಕ್ರೋಡೀಕರಿಸಿದರು. ಅಭ್ಯರ್ಥಿಯು ಕೊಡುವ ಮಾಹಿತಿ ಸತ್ಯವಾಗಿರಬೇಕು. ನಮೂನೆಯಲ್ಲಿ ನಿರ್ದಿಷ್ಟವಾಗಿ ಕೇಳಿದ್ದಕ್ಕೆ ಉತ್ತರ ಕೊಡಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣದಲ್ಲಿ ಶಿಕ್ಷೆಯಾಗಿದ್ದು, ಅದನ್ನು ತಿಳಿಸದೆ ಹೋಗಿದ್ದರೂ ನೇಮಕಾಧಿಕಾರಿಯು ಮನ್ನಿಸಬಹುದು. ಗುರುತರ ಅಪರಾಧವಾದರೆ ನೇಮಕವನ್ನು ರದ್ದುಗೊಳಿಸಬಹುದು. ಸತ್ಯವನ್ನು ಹೇಳಿದವನಿಗೂ ಕೆಲಸ ಕೊಡಲೇಬೇಕೆಂಬ ಕಟ್ಟಳೆಯಿಲ್ಲ; ಆದರೆ ಅಧಿಕಾರಿಯು ಅವನ ಪೂರ್ವಾಪರವನ್ನು ವಿವೇಚಿಸಿ ನೋಡಬೇಕು. ಒಂದು ವಿಷಯವನ್ನು ಮರೆಮಾಚಿದನೆಂಬ ಒಂದೇ ಕಾರಣದಿಂದ ಯಾಂತ್ರಿಕವಾಗಿ ಕೆಲಸದಿಂದ ತೆಗೆಯುವುದು ಸಲ್ಲದೆಂದು 2022ರಲ್ಲಿ ಅದೇ ನ್ಯಾಯಾಲಯ ಮತ್ತೆ ಹೇಳಿತು.

ಈ ತೀರ್ಪುಗಳನ್ನು ಓದಿದವರಿಗೆ ಒಂದು ಮಾತು ಹೊಳೆಯದೆ ಇರದು. ಇವರೆಲ್ಲರಿಗೂ ಕೊನೆಗೆ ನ್ಯಾಯ ದೊರೆತಿರಬಹುದು. ಆದರೆ ಅದಕ್ಕಾಗಿ ವರ್ಷಗಟ್ಟಲೆ ಕಾಯ್ದು ದೆಹಲಿಯವರೆಗೆ ಹೋಗಬೇಕಾಯಿತು. ಹಳೆಯ ತಪ್ಪಿಗಿಂತ ಅದನ್ನು ಬಚ್ಚಿಟ್ಟ ಹೊಸ ತಪ್ಪೇ ಹೆಚ್ಚು ಮಂದಿಯನ್ನು ಅಲೆಸಿತು. ಬಚ್ಚಿಡುವ ಆಸೆಯನ್ನು ಹುಟ್ಟಿಸಿದ್ದಾದರೂ ಯಾವುದು? ‘ಎಂದಾದರೂ’ ಎಂಬ ಆ ಒಂದು ಪದ. ಸಣ್ಣ ತಪ್ಪು ಇಷ್ಟು ವರ್ಷಕ್ಕೆ ತೀರುವುದೆಂದು ಕಾನೂನೇ ಹೇಳುವುದಾದರೆ, ಪ್ರಾಮಾಣಿಕನಿಗೆ ಭಯವಿರದು, ಅಧಿಕಾರಿಗೆ ಸಂಶಯವಿರದು. ಅಂಥ ಕಾನೂನು ಬರುವವರೆಗೆ ನಮೂನೆಯ ಮುಂದೆ ಕುಳಿತವನಿಗೆ ಸತ್ಯವೊಂದೇ ಆಸರೆ.

* * *

ನಡುಮನೆಯಲ್ಲಿ ಆ ಹೊತ್ತಿಗೆ ಕಾಫಿ ಆರಿಹೋಗಿತ್ತು. ತಂದೆ ಕನ್ನಡಕವನ್ನು ತೆಗೆದು ಒರೆಸಿಕೊಂಡು ಹೇಳಿದರು:

“ಹೌದು ಅಂತ ಬರೆಯಪ್ಪ. ಯಾವ ಕೋರ್ಟು, ಯಾವ ವರ್ಷ, ಏನು ಶಿಕ್ಷೆ ಎಲ್ಲ ಬರೆ. ಆಗ ನಿನಗೆ ಹತ್ತೊಂಬತ್ತು ವರ್ಷ ಅಂತಲೂ ಬರೆ. ಆಮೇಲೆ ಈವತ್ತಿನವರೆಗೂ ನಿನ್ನ ಮೇಲೆ ಯಾವ ದೂರೂ ಇಲ್ಲ, ಅದನ್ನೂ ಬರೆ.”

“ಕೆಲಸ ಹೋದರೆ?” ಎಂದಳು ತಾಯಿ.

“ಹೋದರೆ ಹೋಗಬಹುದು. ಆದರೆ ಸುಳ್ಳು ಬರೆದು ಸಿಕ್ಕ ಕೆಲಸವನ್ನು ನಿವೃತ್ತಿಯಾಗುವವರೆಗೂ ಹೆದರಿಕೊಂಡೇ ಮಾಡಬೇಕಾಗುತ್ತದೆ.”

ಹುಡುಗನು ಬರೆಯತೊಡಗಿದ. ಕಾಲಂ ಚಿಕ್ಕದಾಗಿತ್ತು, ಮೂರು ಸಾಲು ಹಿಡಿಸಿತು, ಉಳಿದದ್ದನ್ನು ಬೇರೆ ಹಾಳೆಯಲ್ಲಿ ಬರೆದ. ತೀರ್ಪಿನ ದೃಢೀಕೃತ ನಕಲನ್ನು ಜೊತೆಗೆ ಲಗತ್ತಿಸಬೇಕೆಂದು ತಂದೆ ಹೇಳಿದರು. ಅಧಿಕಾರಿ ಊಹಿಸಿಕೊಳ್ಳುವ ತಪ್ಪಿಗಿಂತ ಕಾಗದದಲ್ಲಿರುವ ತಪ್ಪು ಯಾವಾಗಲೂ ಚಿಕ್ಕದಾಗಿರುತ್ತದೆ.

ಅಷ್ಟು ಹೊತ್ತು ಮಾತಿಲ್ಲದೆ ಕುಳಿತಿದ್ದ ಸೋದರಮಾವ ಎದ್ದು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದರು:

“ಆವತ್ತು ದಂಡ ಕಟ್ಟಿಬಿಡೋಣ ಅಂದವನು ನಾನೇ ಅಲ್ಲವೆ? ನಾಳೆ ಬೆಳಗ್ಗೆ ಕೋರ್ಟಿಗೆ ಹೋಗಿ ನಕಲಿಗೆ ಅರ್ಜಿ ಹಾಕಿ ಬರುತ್ತೇನೆ.”